ಆ 20 ಸೆಕೆಂಡ್ ಲೆಕ್ಕ ಹಾಕಿದ್ದು ಯಾರು? ಬಳ್ಳಾರಿಯ ಸಿಗ್ನಲ್ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧಿಕಾರಿಗಳಿಗೆ ನಮಸ್ಕಾರ.

ನಮ್ಮ ಊರಿನ ಟ್ರಾಫಿಕ್ ಸಿಗ್ನಲ್‌ಗಳಿಗೆ ಟೈಮ್ ಇಡುವವರು ನಿಮ್ಮಲ್ಲಿ ಯಾರೋ, ಅವರಿಗೆ ಈ ಪತ್ರ. ಹುದ್ದೆ ಹಾಕಿಯೇ ಬರೆಯೋಣ ಅಂತಿದ್ದೆ. ಆದರೆ ಆ ಕೆಲಸ ಯಾರದ್ದು ಅಂತ ಇವತ್ತಿಗೂ ನನಗೆ ಗೊತ್ತಾಗಿಲ್ಲ. ಒಂದು ಕಚೇರಿಗೆ ಹೋದರೆ "ಕಂಬ ನಮ್ದು, ಟೈಮಿಂಗ್ ನಮ್ದಲ್ಲ" ಅಂದರು. ಇನ್ನೊಂದು ಕಚೇರಿಯಲ್ಲಿ "ನಾವು ನಿಂತು ನಡೆಸೋರು ಅಷ್ಟೇ, ಸಿಗ್ನಲ್ ಪೆಟ್ಟಿಗೆ ಕೀ ಕಂಪನಿಯವ್ರ ಹತ್ರ ಐತೆ" ಅಂದರು. ಕಂಪನಿಯ ಟೆಕ್ನಿಷಿಯನ್ ಹುಡುಗ ಬಲ್ಬ್ ಬದಲಿಸಲು ಬಂದಾಗ ಅವನನ್ನೂ ಕೇಳಿದೆ. "ಸಾಹೇಬ್ರು ಹೇಳಿದಂಗೆ ಹಾಕಿದೀವಣ್ಣ" ಅಂದ. ಯಾವ ಸಾಹೇಬ್ರಪ್ಪಾ ಅಂದರೆ ನಕ್ಕು ಏಣಿ ಎತ್ತಿಕೊಂಡು ಹೋದ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಯಾರದ್ದೋ ಅವರು ತೆಗೆದುಕೊಳ್ಳಿ.

ನಾಲ್ಕು ರಸ್ತೆ ಕೂಡುವ ಒಂದು ಸರ್ಕಲ್‌ನ ಮೂಲೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ ಇದೆ. ಸರ್ಕಲ್ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಮೊದಲು ಬೈಸಿಕೊಳ್ಳುವುದು ಬಿಸಿಲಲ್ಲಿ ನಿಂತು ಡ್ಯೂಟಿ ಮಾಡುವ ಪೇದೆ ಮತ್ತು ಹೋಂ ಗಾರ್ಡ್ ಹುಡುಗರು. ಅವರದೇನೂ ತಪ್ಪಿಲ್ಲ. ಬೇರೆ ಸರ್ಕಲ್‌ನವರು ಇದನ್ನು ಓದಿ "ಇದು ನಮ್ದೇ ಅಲ್ವಾ" ಅಂದುಕೊಂಡರೂ ನನಗೇನು ಬೇಜಾರಿಲ್ಲ.

ನಮ್ಮ ಸಿಗ್ನಲ್ ಹೇಗಿದೆ ಅಂದರೆ, ನಾಲ್ಕೂ ಕಡೆ 20 ಸೆಕೆಂಡ್ ಹಸಿರು, 2 ಸೆಕೆಂಡ್ ಹಳದಿ. ಒಂದು ಸುತ್ತಿಗೆ 88 ಸೆಕೆಂಡ್. ಪ್ರತಿಯೊಂದು ಕಡೆಯವರೂ 66 ಸೆಕೆಂಡ್ ಕೆಂಪಿನಲ್ಲಿ ನಿಲ್ಲಬೇಕು. ಬೆಳಗ್ಗೆ 9ಕ್ಕೂ ಅದೇ, ಮಧ್ಯಾಹ್ನ 2ಕ್ಕೂ ಅದೇ, ಭಾನುವಾರವೂ ಅದೇ. ನಾಲ್ಕರಲ್ಲಿ ಒಂದು ರಸ್ತೆ ಹೈವೇ ಕಡೆಯಿಂದ ಬರುತ್ತದೆ: ಬಸ್ಸು, ಲಾರಿ, ಟ್ಯಾಂಕರ್, ಸುಗ್ಗಿ ದಿನಗಳಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರ್ ಎಲ್ಲ ಅಲ್ಲೇ. ಅದರ ಎದುರಿನದು ಬಸ್ ನಿಲ್ದಾಣದ ಕಡೆಗೆ. ಮೂರನೆಯದು ಬಜಾರ್ ರಸ್ತೆ. ನಾಲ್ಕನೆಯದು ಒಂದು ಲೇಔಟ್‌ಗೆ ಹೋಗುತ್ತದೆ, ಅಲ್ಲಿಂದ ಒಂದು ಸುತ್ತಿಗೆ ಐದಾರು ಬೈಕು, ಎರಡು ಕಾರು ಬಂದರೆ ಜಾಸ್ತಿ. ಆ ಐದಾರು ಬೈಕು ಹಸಿರು ಬಿದ್ದ ಕೂಡಲೇ ಹೋಗಿಬಿಡುತ್ತವೆ. ಉಳಿದಷ್ಟು ಹೊತ್ತೂ ಸರ್ಕಲ್ ಖಾಲಿ. ಈ ಕಡೆ ಹೈವೇ ರಸ್ತೆಯಲ್ಲಿ ಎರಡು ಸುತ್ತು ಕಾದರೂ ದಾಟಲಾಗದ ಜನ ಹಾರ್ನ್ ಒತ್ತುತ್ತಾ ಆ ಖಾಲಿ ರಸ್ತೆ ನೋಡುತ್ತಾ ನಿಂತಿರುತ್ತಾರೆ. ಯಾರೋ ಒಬ್ಬ ಸಣ್ಣಗೆ ಬೈಕ್ ಮುಂದೆ ಬಿಡುತ್ತಾನೆ. ಅವನ ಹಿಂದೆ ಹತ್ತು ಜನ. "ಬಳ್ಳಾರಿ ಜನಕ್ಕೆ ಸಿಗ್ನಲ್ ಸೆನ್ಸ್ ಇಲ್ಲ" ಅಂತ ಎಲ್ಲರೂ ಬೈಯುತ್ತಾರೆ. ಸ್ವಲ್ಪ ನಿಜವೂ ಇರಬಹುದು. ಆದರೆ ಕಾರಣವಿಲ್ಲದೆ ನಿಲ್ಲಿಸುವ ಸಿಗ್ನಲ್ ಅನ್ನು ಜನ ಎಷ್ಟು ದಿನ ನಂಬುತ್ತಾರೆ ಹೇಳಿ.

ನಾಲ್ಕೂ ಕಡೆ ಒಂದೇ ಸಮ ಕೊಟ್ಟಿದ್ದೇವೆ, ಭೇದ ಮಾಡಿಲ್ಲ ಅಂತ ನೀವು ಅನ್ನಬಹುದು. ನಾಲ್ಕು ಜನರ ಮನೆಗೂ ನಲವತ್ತು ಜನರ ಮನೆಗೂ ಒಂದೇ ಸೇರು ಅಕ್ಕಿ ಅಳೆದು ಕೊಟ್ಟ ಹಾಗಾಯಿತು ಅದು.

ನಾನು ಎಂಜಿನಿಯರ್ ಅಲ್ಲ. ಆದರೆ ನನ್ನ ಅಂಗಡಿಗೆ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಸಲು ಸಿವಿಲ್ ಹುಡುಗರು ಬರುತ್ತಾರೆ. ಅವರ ಪುಸ್ತಕ ನೋಡಿ, ಅವರನ್ನೇ ಪೀಡಿಸಿ ಒಂದಿಷ್ಟು ತಿಳಿದುಕೊಂಡೆ. ಸಿಗ್ನಲ್ ಟೈಮ್ ಅನ್ನೋದು ಅಂದಾಜಿಗೆ ಇಡುವ ನಂಬರ್ ಅಲ್ಲವಂತೆ. ಅದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ರಸ್ತೆ ಎಂಜಿನಿಯರ್‌ಗಳ ಸಂಸ್ಥೆ ಪುಸ್ತಕವನ್ನೇ ಮಾಡಿದೆ, ಐಆರ್‌ಸಿ 93 ಅಂತ, 1985ರಲ್ಲಿ. ಮೊದಲು ಗಾಡಿ ಎಣಿಸಬೇಕು. ಬಸ್ಸು ಲಾರಿ ಒಂದೊಂದು ಸುಮಾರು ಮೂರು ಕಾರಿನ ಲೆಕ್ಕ, ಬೈಕ್ ಅರ್ಧ ಕಾರು. ಆಮೇಲೆ ರಸ್ತೆ ಅಗಲ ನೋಡಬೇಕು. ಒಂದು ಗಂಟೆ ಪೂರ್ತಿ ಹಸಿರು ಇದ್ದರೆ ಒಂದು ಮೀಟರ್ ಅಗಲಕ್ಕೆ ಸುಮಾರು 525 ಕಾರು ದಾಟುತ್ತವೆ ಅನ್ನುವುದು ಲೆಕ್ಕ. ಏಳು ಮೀಟರ್ ರಸ್ತೆ ಆದರೆ 3675, ಅಂದರೆ ಹೆಚ್ಚು ಕಮ್ಮಿ ಸೆಕೆಂಡಿಗೆ ಒಂದು ಕಾರು. ಹಸಿರು ಬಿದ್ದ ಮೇಲೆ ಮುಂದಿನವನು ಗೇರ್ ಹಾಕಿ ಹೊರಡುವಷ್ಟರಲ್ಲಿ ಒಂದೆರಡು ಸೆಕೆಂಡ್ ಹೋಗುತ್ತೆ. ಹಾಗಾದರೆ ನಮ್ಮ 20 ಸೆಕೆಂಡಿನಲ್ಲಿ ದಾಟುವುದು ಹದಿನೆಂಟು ಕಾರಿನಷ್ಟು. ಲಾರಿ ಬಸ್ಸು ಸೇರಿ ಆರು ಬಂದವು ಅಂದರೆ ಅಲ್ಲಿಗೆ ಮುಗೀತು, ಹಿಂದಿನವರಿಗೆ ಮತ್ತೆ 66 ಸೆಕೆಂಡ್. ಎಂಟು ಬಂದವು ಅಂದರೆ ಕೊನೆಯ ಲಾರಿ ಕೆಂಪಿನಲ್ಲೇ ದಾಟುತ್ತದೆ. ಏಕೆಂದರೆ ಅದನ್ನು ನಡುವೆ ನಿಲ್ಲಿಸಲು ಆಗುವುದಿಲ್ಲ.

ಸುತ್ತು ಎಷ್ಟು ಉದ್ದ ಇರಬೇಕು ಅನ್ನುವುದಕ್ಕೂ ಒಂದು ಸೂತ್ರ ಇದೆ. ಇಂಗ್ಲೆಂಡಿನ ರಸ್ತೆ ಸಂಶೋಧನಾ ಪ್ರಯೋಗಾಲಯದ ವೆಬ್‌ಸ್ಟರ್ ಅನ್ನುವವರು 1958ರಲ್ಲಿ ಕೊಟ್ಟಿದ್ದು, ಇವತ್ತಿಗೂ ನಮ್ಮ ಕಾಲೇಜುಗಳಲ್ಲಿ ಅದನ್ನೇ ಹೇಳಿಕೊಡುತ್ತಾರೆ. ಒಂದು ಸುತ್ತಿನಲ್ಲಿ ದೀಪ ಬದಲಾಗುವಾಗ ಪೋಲಾಗುವ ಸೆಕೆಂಡನ್ನೆಲ್ಲ ಕೂಡಿ ಒಂದೂವರೆಯಿಂದ ಗುಣಿಸಿ, 5 ಸೇರಿಸಬೇಕು. ಆಮೇಲೆ ಪ್ರತಿ ರಸ್ತೆಯಲ್ಲಿ ಬರುವ ಗಾಡಿ ಆ ರಸ್ತೆ ತಾಳುವಷ್ಟರಲ್ಲಿ ಎಷ್ಟು ಪಾಲು ಅಂತ ನೋಡಿ, ಎಲ್ಲ ರಸ್ತೆಯ ಪಾಲನ್ನೂ ಕೂಡಬೇಕು. ಅದನ್ನು 1ರಲ್ಲಿ ಕಳೆದು, ಉಳಿದಿದ್ದರಿಂದ ಭಾಗಿಸಬೇಕು. ಅಷ್ಟೇ. ನಾಲ್ಕು ಸರದಿಗೆ ನಾಲ್ಕು ನಾಲ್ಕು ಸೆಕೆಂಡಿನಂತೆ 16 ಪೋಲು ಅಂತ ಇಟ್ಟುಕೊಳ್ಳಿ. ಬೆಳಗಿನ ಗದ್ದಲಕ್ಕೆ ಆ ಕೂಡಿದ ಪಾಲು 0.7 ಇದ್ದರೆ ಸುತ್ತು ಸುಮಾರು 97 ಸೆಕೆಂಡ್ ಬರುತ್ತದೆ. ಮಧ್ಯಾಹ್ನ ಪಾಲು 0.4ಕ್ಕೆ ಇಳಿದರೆ 48 ಸೆಕೆಂಡ್ ಸಾಕು. ಅಂದರೆ ಅರ್ಧ! ಆ ಸುತ್ತಿನಲ್ಲಿ ಯಾರಿಗೆ ಎಷ್ಟು ಹಸಿರು ಅನ್ನುವುದನ್ನು ಅವರವರ ಒತ್ತಡದ ಪಾಲಿನ ಪ್ರಕಾರ ಹಂಚಬೇಕು. ಇದನ್ನು ಒಬ್ಬ ವಿದ್ಯಾರ್ಥಿನಿ ನನ್ನ ಕೌಂಟರ್ ಮೇಲೆ ಹಳೇ ಬಿಲ್ಲಿನ ಹಿಂದೆ ಬರೆದು ತೋರಿಸಿದಳು. ಚಹಾ ಆರುವಷ್ಟರಲ್ಲಿ ಲೆಕ್ಕ ಮುಗಿದಿತ್ತು.

ಮಧ್ಯಾಹ್ನದ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನೀವು ಎಸಿ ಕಾರಲ್ಲಿ ಓಡಾಡುತ್ತೀರಿ ಅಂತ ಕೊಂಕು ಮಾತಾಡುವುದಿಲ್ಲ, ನಿಮ್ಮಲ್ಲೂ ಬೈಕಲ್ಲಿ ಬರುವವರು ಇರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ ಬಿಸಿಲು ನಲವತ್ತು ಡಿಗ್ರಿ ದಾಟುವುದು ಹೊಸ ಸುದ್ದಿ ಅಲ್ಲ. ಗುಡ್ಡದ ಬಂಡೆ ಕಾದು, ಡಾಂಬರು ಕಾದು, ಪಕ್ಕದ ಲಾರಿಯ ಸೈಲೆನ್ಸರ್ ಕಾದು, ಹೆಲ್ಮೆಟ್ ಒಳಗೆ ತಲೆ ಬೇಯುತ್ತಿರುತ್ತದೆ. ಟ್ಯಾಂಕ್ ಮೇಲೆ ಮಗು ಕೂತಿರುತ್ತದೆ. ಎದುರಿಗೆ ಒಂದು ಗಾಡಿಯೂ ಇಲ್ಲ, ಆದರೂ 66 ಸೆಕೆಂಡ್. ಗಣಿ ದೂಳಿನ ಊರಲ್ಲಿ ಅರವತ್ತಾರು ಸೆಕೆಂಡ್ ಉಸಿರು ಹಿಡಿಯಲೂ ಆಗುವುದಿಲ್ಲ. ನೆರಳಿಗೆ ಹಸಿರು ಬಲೆ ಕಟ್ಟಿಸಿ ಅಂತ ಕೇಳುವವರಿದ್ದಾರೆ, ಕಟ್ಟಿಸಿದರೆ ಒಳ್ಳೆಯದೇ. ಆದರೆ ಅದಕ್ಕಿಂತ ಮೊದಲು ಸುಮ್ನೆ ನಿಲ್ಲಿಸುವುದನ್ನು ಕಮ್ಮಿ ಮಾಡಿ.

ಒಂದು ವಿಷಯ ನೀವು ಗಮನಿಸಿದ್ದೀರೋ ಇಲ್ಲವೋ. ಸಂಜೆ ಗದ್ದಲ ಕೈಮೀರಿದಾಗ ನಮ್ಮ ಪೇದೆ ಸಿಗ್ನಲ್ ಅನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಹೈವೇ ಕಡೆ ಜಾಸ್ತಿ ಬಿಡುತ್ತಾರೆ, ಲೇಔಟ್ ಕಡೆಯವರನ್ನು ಐದಾರು ಸೆಕೆಂಡಿಗೆ ಮುಗಿಸುತ್ತಾರೆ. ಅರ್ಧ ಗಂಟೆಯಲ್ಲಿ ಸಾಲು ಕರಗುತ್ತದೆ. ಅವರು ಯಾವ ಸೂತ್ರವನ್ನೂ ಓದಿಲ್ಲ, ಕಣ್ಣಲ್ಲಿ ನೋಡಿ ಬಿಡುತ್ತಾರೆ. ಜಗತ್ತಿನ ಮೊದಲ ಸಿಗ್ನಲ್ 1868ರಲ್ಲಿ ಲಂಡನ್‌ನ ಪಾರ್ಲಿಮೆಂಟ್ ಹತ್ತಿರ ನಿಂತಾಗಲೂ ಅದನ್ನು ಪೊಲೀಸರೇ ಕೈಯಲ್ಲಿ ತಿರುಗಿಸುತ್ತಿದ್ದರು. (ಗ್ಯಾಸ್ ದೀಪದ್ದು ಅದು, ಮುಂದಿನ ವರ್ಷವೇ ಸಿಡಿಯಿತು. ಆ ಕತೆ ಬಿಡಿ.) ಒಬ್ಬ ಪೇದೆ ದಿನಾ ಸಂಜೆ ಮಷಿನ್ ಬಂದ್ ಮಾಡಿ ಕೈಯಲ್ಲಿ ನಡೆಸಬೇಕಾಗುತ್ತಿದೆ ಅಂದರೆ ಮಷಿನ್‌ಗೆ ಕೊಟ್ಟ ಲೆಕ್ಕ ತಪ್ಪು ಅಂತ ಬೇರೆ ಸಾಕ್ಷಿ ಬೇಕಾ?

ಇನ್ನು ನಡೆದು ಹೋಗುವವರ ವಿಷಯ. ಇದು ನನಗೆ ಎಲ್ಲಕ್ಕಿಂತ ಬೇಸರದ್ದು. ನಮ್ಮ ಸರ್ಕಲ್‌ನಲ್ಲಿ ಅವರಿಗೆ ಅಂತ ಒಂದು ಸೆಕೆಂಡೂ ಇಲ್ಲ. ಜೀಬ್ರಾ ಗೆರೆ ಇದೆ, ಅರ್ಧ ಅಳಿಸಿದೆ. ಒಂದು ಕಡೆ ನಿಂತರೆ ಇನ್ನೊಂದು ಕಡೆ ಬಿಡುತ್ತದೆ, ಮೇಲೆ ಎಲ್ಲ ಮೂಲೆಯಲ್ಲೂ ಫ್ರೀ ಲೆಫ್ಟ್. ಫ್ರೀ ಲೆಫ್ಟ್ ಅಂದರೆ ಯಾವತ್ತೂ ನಿಲ್ಲದ ಗಾಡಿ, ಅಂದರೆ ಆ ಮೂಲೆಯಲ್ಲಿ ಕಾಲಿಡುವವರಿಗೆ ಯಾವತ್ತೂ ಕೆಂಪು. ಆಸ್ಪತ್ರೆ ಚೀಟಿ ಜೆರಾಕ್ಸ್ ಮಾಡಿಸಲು ಹಳ್ಳಿ ಕಡೆಯ ವಯಸ್ಸಾದವರು ಬರುತ್ತಾರೆ. ಕೆಲಸ ಮುಗಿದ ಮೇಲೆ "ಯಪ್ಪಾ, ಒಂದೀಟು ಆ ಕಡೆ ದಾಟಿಸ್ತೀಯೇನಪ್ಪಾ" ಅನ್ನುತ್ತಾರೆ. ನಾನೋ ನನ್ನ ಅಂಗಡಿ ಹುಡುಗನೋ ಕೈ ಅಡ್ಡ ಹಿಡಿದು ದಾಟಿಸುತ್ತೇವೆ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ, ಸರ್ಕಲ್ ಮೂಲೆಯ ಅಂಗಡಿಯವರೆಲ್ಲ ಮಾಡುವುದೇ. ಆದರೆ ಆ ಕೆಲಸ ಸಿಗ್ನಲ್‌ನದ್ದು ಅಲ್ವಾ?

ಇದಕ್ಕೂ ಲೆಕ್ಕ ಇದೆ. ಸಾಧಾರಣ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಅಂತ ಎಂಜಿನಿಯರ್‌ಗಳು ಹಿಡಿಯುತ್ತಾರೆ. 14 ಮೀಟರ್ ಅಗಲದ ರಸ್ತೆಗೆ 12 ಸೆಕೆಂಡ್. ಅಮೆರಿಕದಲ್ಲಿ ಮೊದಲು ಸೆಕೆಂಡಿಗೆ 4 ಅಡಿ ಅಂತ ಇಟ್ಟುಕೊಂಡಿದ್ದರು. 2009ರ ಕೈಪಿಡಿಯಲ್ಲಿ ಅದನ್ನು ಮೂರೂವರೆ ಅಡಿಗೆ ಇಳಿಸಿದರು, ವಯಸ್ಸಾದವರು ಅಷ್ಟು ಬೇಗ ನಡೆಯಲ್ಲ ಅಂತ. ಅದರ ಜೊತೆಗೆ ರಸ್ತೆಗೆ ಇಳಿಯಲು ಬೇರೆ 7 ಸೆಕೆಂಡ್ ಕೊಡುವುದು ಅಲ್ಲಿನ ರೂಢಿ. ಮಂಡಿ ನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಅದೇ ರಸ್ತೆಗೆ ಹದಿನೇಳೂವರೆ ಸೆಕೆಂಡ್ ಬೇಕು. ನಮ್ಮಲ್ಲಿ ಏನೂ ಇಲ್ಲ, ಸೊನ್ನೆ. ನಡೆಯುವವರಿಗೆ ಒಂದು ಸರದಿ ಕೊಟ್ಟರೆ ಗಾಡಿಯವರು ಇನ್ನೂ ಹದಿನೆಂಟಿಪ್ಪತ್ತು ಸೆಕೆಂಡ್ ಜಾಸ್ತಿ ನಿಲ್ಲಬೇಕಾಗುತ್ತದೆ, ನಿಜ. ಮೇಲೆ ಬಿಸಿಲ ಬಗ್ಗೆ ಅಷ್ಟು ಬರೆದವನೇ ಈಗ ಇದನ್ನೂ ಹೇಳುತ್ತಿದ್ದೇನೆ: ನಿಲ್ಲಲಿ. ಖಾಲಿ ರಸ್ತೆಗೋಸ್ಕರ ನಿಲ್ಲುವುದು ಬೇರೆ, ಎದುರಿಗೆ ಮನುಷ್ಯರು ದಾಟುವಾಗ ನಿಲ್ಲುವುದು ಬೇರೆ. ಲೇಔಟ್ ರಸ್ತೆಯಲ್ಲಿ ಪೋಲಾಗುತ್ತಿರುವ ಹಸಿರನ್ನು ಕಡಿದರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಸಿಗುತ್ತದೆ.

ಹಳದಿ ದೀಪದ್ದು ಇನ್ನೊಂದು ತಕರಾರು. ಇದು ದಂಡದ ಪ್ರಶ್ನೆ ಕೂಡ, ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಕೇಳುತ್ತೇನೆ. 2019ರ ತಿದ್ದುಪಡಿ ಆದ ಮೇಲೆ ಕೆಂಪು ದೀಪ ದಾಟುವುದು ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಪ್ರಕಾರ ಅಪಾಯಕಾರಿ ಚಾಲನೆ. ಸರಿ, ಇರಲಿ. ಆದರೆ ದಾಟದೆ ನಿಲ್ಲಲು ಬೇಕಾದಷ್ಟು ಹಳದಿ ನೀವು ಕೊಟ್ಟಿದ್ದೀರಾ? ನೋಡಿ, ಹಳದಿ ಕಂಡು ಬ್ರೇಕ್ ಮೇಲೆ ಕಾಲಿಡಲು ಒಂದು ಸೆಕೆಂಡ್ ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿಗೆ ಅದರ ಮೇಲೆ ಇನ್ನೂ ಸುಮಾರು ಎರಡು ಸೆಕೆಂಡ್ ಬೇಕು. ಒಟ್ಟು 3. ಗಂಟೆಗೆ 60ರಲ್ಲಿ ಬಂದರೆ 4ರ ಹತ್ತಿರ. ಲೋಡ್ ಆದ ಲಾರಿ ಕಾರಿನಷ್ಟು ಬೇಗ ನಿಲ್ಲುವುದಿಲ್ಲ, ಅದಕ್ಕೆ 40ರಲ್ಲೇ 4 ಸೆಕೆಂಡ್ ಬೇಕಾಗಬಹುದು. ನಮ್ಮಲ್ಲಿ ಇರುವುದು 2. ಆ 2 ಸೆಕೆಂಡಿನಲ್ಲಿ ಡ್ರೈವರ್‌ಗೆ ನಿಲ್ಲಲೂ ಆಗುವುದಿಲ್ಲ, ದಾಟಲೂ ಆಗುವುದಿಲ್ಲ. ಗಾಜಿಸ್, ಹರ್ಮನ್, ಮರದುದಿನ್ ಅನ್ನುವ ಮೂವರು ಸಂಶೋಧಕರು 1960ರಲ್ಲೇ ಈ ಇಕ್ಕಟ್ಟಿನ ಲೆಕ್ಕ ಬರೆದಿದ್ದಾರೆ. ಹಳದಿ ಮುಗಿದ ಮೇಲೆ ನಾಲ್ಕೂ ಕಡೆ ಒಂದು ಸೆಕೆಂಡ್ ಕೆಂಪು ಇಡುವ ಪದ್ಧತಿಯೂ ಇದೆ, ನಡುವೆ ಸಿಕ್ಕಿದವರು ಹೊರಬರಲಿ ಅಂತ. ನಮ್ಮಲ್ಲಿ ಅದೂ ಇಲ್ಲ. ಈ ಕಡೆ ಕೆಂಪು, ಆ ಕಡೆ ಆ ಕ್ಷಣಕ್ಕೇ ಹಸಿರು. ಕೌಂಟ್‌ಡೌನ್ ನಂಬರ್ ನೋಡಿಕೊಂಡು ಇನ್ನೂ ಮೂರು ಸೆಕೆಂಡ್ ಇರುವಾಗಲೇ ನುಗ್ಗುವ ನಮ್ಮ ಹುಡುಗರ ವಿಷಯ ನಿಮಗೆ ಗೊತ್ತೇ ಇದೆ.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಅಂತ ಒಬ್ಬರಿದ್ದಾರೆ. ಅವರ ಹೆಂಡತಿಗೆ ಕೆಂಪು ದೀಪದ ಕ್ಯಾಮೆರಾ ದಂಡ ಬಂತು. ಇವರು ಕೂತು ಲೆಕ್ಕ ಹಾಕಿ, ತಿರುವು ತೆಗೆದುಕೊಳ್ಳಲು ನಿಧಾನ ಮಾಡುವ ಗಾಡಿಗೆ ಹಳದಿ ಸಾಲದು ಅಂತ ತೋರಿಸಿದರು. ಅಲ್ಲಿನ ಎಂಜಿನಿಯರಿಂಗ್ ಮಂಡಳಿ ಲೈಸೆನ್ಸ್ ಇಲ್ಲದೆ ಎಂಜಿನಿಯರಿಂಗ್ ಮಾಡಿದ್ದೀಯ ಅಂತ ಅವರಿಗೇ 500 ಡಾಲರ್ ದಂಡ ಹಾಕಿತು! ಅವರು ಕೋರ್ಟಿಗೆ ಹೋಗಿ ಗೆದ್ದರು. 2020ರಲ್ಲಿ ಸಾರಿಗೆ ಎಂಜಿನಿಯರ್‌ಗಳ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಅವರ ಲೆಕ್ಕವನ್ನು ಸೇರಿಸಿಕೊಂಡಿತು. ನನಗೆ ಅಷ್ಟು ದೂರ ಹೋಗುವ ಆಸೆ ಇಲ್ಲ. ಹಳದಿ 3 ಅಥವಾ 4 ಮಾಡಿ, ನಾಲ್ಕೂ ಕಡೆ ಕೆಂಪು ಒಂದು ಸೆಕೆಂಡ್ ಇಡಿ, ಆಮೇಲೆ ದಂಡ ಹಾಕಿ. ಬೇಕಾದರೆ ಮೊದಲ ರಸೀದಿ ನನಗೇ ಕೊಡಿ.

ಬೆಂಗಳೂರಲ್ಲಿ ಈಗ ಗಾಡಿ ನೋಡಿ ತಾನೇ ಸಮಯ ಬದಲಿಸುವ ಸಿಗ್ನಲ್‌ಗಳು ಬಂದಿವೆ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಮಾಡಿದ ವ್ಯವಸ್ಥೆ. ಈ ಮಾತು ತೆಗೆದರೆ ಸಾಕು, ಬಳ್ಳಾರಿಗೂ ತರುತ್ತೇವೆ, ಪ್ರಸ್ತಾವನೆ ಕಳಿಸುತ್ತೇವೆ ಅನ್ನುವ ಉತ್ತರ ಬರುತ್ತದೆ ಅನ್ನುವುದೇ ನನ್ನ ಭಯ. ಅದು ಬರಲಿ, ಬೇಡ ಅನ್ನುವುದಿಲ್ಲ. 2011ರ ಜನಗಣತಿಯಲ್ಲೇ ನಾಲ್ಕು ಲಕ್ಷ ದಾಟಿದ ಊರು ಇದು. ಆದರೆ ಅದು ಬರುವ ತನಕ ಇರುವ ಪೆಟ್ಟಿಗೆಯನ್ನೇ ಸರಿಯಾಗಿ ಬಳಸಬಹುದು. ಗಡಿಯಾರ ನೋಡಿ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು ಟೈಮಿಂಗ್ ಓಡಿಸುವುದು ಹಳೇ ಕಾಲದ ತಂತ್ರ. ನಮ್ಮ ಪೆಟ್ಟಿಗೆಯಲ್ಲೂ ಆಗುತ್ತೆ ಅಂತ ಅದೇ ಟೆಕ್ನಿಷಿಯನ್ ಹುಡುಗನೇ ಹೇಳಿದ್ದು. ಯಾರೂ ಕೇಳಿಲ್ಲ, ಅದಕ್ಕೆ ಹಾಕಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮೊದಲು ಎಣಿಸಿ. ಮಾಮೂಲಿ ವಾರದ ದಿನ, ಬೆಳಗ್ಗೆ, ಮಧ್ಯಾಹ್ನ, ಸಂಜೆ, ಹದಿನೈದು ಹದಿನೈದು ನಿಮಿಷಕ್ಕೆ ಎಷ್ಟು ಬೈಕು, ಆಟೋ, ಲಾರಿ, ಎಷ್ಟು ಜನ ನಡೆದು ದಾಟಿದರು ಅಂತ. ಊರಲ್ಲಿ ಸಿವಿಲ್ ಓದುವ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದಾರೆ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುತ್ತಾರೆ, ಅವರನ್ನು ಕೂರಿಸಿ. ಎಣಿಸಿದ ಮೇಲೆ ದಿನಕ್ಕೆ ಕನಿಷ್ಠ ಮೂರು ಬಗೆಯ ಟೈಮಿಂಗ್ ಹಾಕಿ. ಭಾನುವಾರಕ್ಕೆ ಬೇರೆ. ಮಂಗಳವಾರ ಶುಕ್ರವಾರ ದುರ್ಗಮ್ಮನ ಗುಡಿ ಕಡೆ ಹೋಗುವ ಜನ, ಸಿಡಿಬಂಡಿ ಜಾತ್ರೆ, ಇವೆಲ್ಲ ಮೊದಲೇ ಗೊತ್ತಿರುವ ದಿನಗಳು, ಆ ದಿನದ್ದು ಬೇರೆಯೇ ಬರೆದಿಡಿ. ರಾತ್ರಿ ಗಾಡಿ ಕಮ್ಮಿಯಾದ ಮೇಲೆ ಬ್ಲಿಂಕರ್‌ಗೆ ಹಾಕಿ. ಆದರೆ ಹೈವೇ ಕಡೆ ಹಳದಿ ಮಿನುಗಲಿ, ಲೇಔಟ್ ಕಡೆ ಕೆಂಪು ಮಿನುಗಲಿ, ಅಂದರೆ ನಿಂತು ನೋಡಿ ಹೋಗಬೇಕಾದವರು ಯಾರು ಅಂತ ಗೊತ್ತಾಗುತ್ತದೆ. ಫ್ರೀ ಲೆಫ್ಟ್ ನಾಲ್ಕೂ ಮೂಲೆಯಲ್ಲಿ ಬೇಡ. ಕೊನೇಪಕ್ಷ ಬಜಾರ್ ಮೂಲೆಯಲ್ಲಿ ನಿಲ್ಲಿಸಿ.

ನಮ್ಮ ಸರ್ಕಲ್‌ನಿಂದ ಮುಂದಿನ ಸಿಗ್ನಲ್ ಸುಮಾರು ಅರ್ಧ ಕಿಲೋಮೀಟರ್. 40ರ ವೇಗದಲ್ಲಿ 45 ಸೆಕೆಂಡ್ ದಾರಿ. ಇಲ್ಲಿ ಹಸಿರಾದ 45 ಸೆಕೆಂಡಿಗೆ ಅಲ್ಲಿ ಹಸಿರಾದರೆ ಒಂದು ಗುಂಪು ನಿಲ್ಲದೆ ಹೋಗುತ್ತದೆ. ಅದಕ್ಕೆ ಎರಡೂ ಸಿಗ್ನಲ್‌ನ ಸುತ್ತು ಒಂದೇ ಉದ್ದ ಇರಬೇಕು. ಈಗ ಎರಡೂ ಬೇರೆ ಬೇರೆ, ಇಲ್ಲಿ ಬಿಟ್ಟಿದ್ದು ಅಲ್ಲಿ ಹೋಗಿ ನಿಲ್ಲುತ್ತದೆ. ಇದನ್ನು ಎರಡನೇ ಹಂತದಲ್ಲಿ ಮಾಡಿದರೂ ನಡೆಯುತ್ತೆ.

ಮತ್ತೆ ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ ಎಣಿಸಿ ಲೆಕ್ಕ ತಿದ್ದಿ, ಹೊರದೇಶಗಳಲ್ಲಿ ಅದೇ ಶಿಫಾರಸು. ನಮ್ಮ ಸರ್ಕಲ್‌ಗೆ ದೀಪ ಬಂದಾಗ ಲೇಔಟ್ ಇನ್ನೂ ಹೊಲವಾಗಿತ್ತು. ಈಗ ಅಲ್ಲಿ ಮನೆ ಏಳುತ್ತಿವೆ. ನಾಳೆ ಅಲ್ಲಿನವರಿಗೇ 20 ಸಾಲದೆ ಬರಬಹುದು, ಆಗ ಅವರೂ ನಿಮ್ಮ ಕಚೇರಿಗಳ ನಡುವೆ ಓಡಾಡಬಾರದು.

ಅದಕ್ಕೆ ಕೊನೆಯದಾಗಿ ಒಂದು ಕೇಳುತ್ತೇನೆ. ಆ ಪೆಟ್ಟಿಗೆ ಮೇಲೆ ಒಂದು ಹಾಳೆ ಅಂಟಿಸಿ. ಯಾವ ಹೊತ್ತಿಗೆ ಯಾವ ರಸ್ತೆಗೆ ಎಷ್ಟು ಸೆಕೆಂಡ್, ಯಾವಾಗ ಎಣಿಸಿದ್ದು, ತಕರಾರು ಇದ್ದರೆ ಯಾವ ಕಚೇರಿಯ ಯಾವ ಹುದ್ದೆಯವರಿಗೆ ಹೇಳಬೇಕು ಅಂತ. ಹಾಳೆಯ ಪ್ರತಿ ಎಷ್ಟು ಬೇಕಾದರೂ ನಾನೇ ತೆಗೆದು ಕೊಡುತ್ತೇನೆ, ದುಡ್ಡು ಬೇಡ. ಹಳದಿ ಮತ್ತು ನಾಲ್ಕೂ ಕಡೆಯ ಕೆಂಪು ಮಾತ್ರ ಎಣಿಕೆಗೂ ಕಾಯಬೇಕಿಲ್ಲ, ಟೆಂಡರ್ ಬೇಕಿಲ್ಲ, ಕೀ ಇರುವವರು ಬಂದರೆ ಒಂದು ಮಧ್ಯಾಹ್ನದ ಕೆಲಸ. ಅದನ್ನು ಈ ತಿಂಗಳೇ ಮಾಡಿಸಿ. ಉಳಿದದ್ದು ಮುಂದಿನ ಬೇಸಿಗೆಯೊಳಗೆ ಆಗಲಿ.

ಇಂತಿ,
ಸರ್ಕಲ್ ಮೂಲೆಯ ಜೆರಾಕ್ಸ್ ಅಂಗಡಿಯವನು
ಬಳ್ಳಾರಿ